ಒಂದು ಬತ್ತಳಿಕೆಯ ಪುರಾಣ

ಬತ್ತಳಿಕೆ ಅಂದ ಕೂಡಲೇ ನಿಮಗೇನು ನೆನಪಾಗತ್ತೆ? ನನಗಂತೂ ನಮ್ಮೂರ ಕಿರಾಣಿ ಅಂಗಡಿಯ ಕ್ಯಾಲೆಂಡರಿನ ರಾಮ. ಕೈಯಲ್ಲಿ ಕೋದಂಡ, ಬೆನ್ನಿಗೆ ಬತ್ತಳಿಕೆ, ಭುಜದ ಹಿಂದಿನಿಂದ ಇಣುಕುವ ಬಾಣದ ಗರಿಗಳು. ಹಾಗಾಗಿ ಇಲ್ಲಿ ಮಿಶಿಗನ್ನಿನಲ್ಲಿ ಬಿಲ್ಲು ಹಿಡಿಯೋ ಹುಚ್ಚು ಹತ್ತಿದಾಗ ನಾನು ಮೊದಲು ಕೊಂಡಿದ್ದು ಬಿಲ್ಲನ್ನಲ್ಲ, ಬೆನ್ನಿಗೆ ಹಾಕುವ ಚರ್ಮದ ಬತ್ತಳಿಕೆಯನ್ನ! :-)

ಕಾಡಿನ ದಾರಿಯಲ್ಲಿ ನಡೆಯುತ್ತಾ ಫೋಮಿನ ಜಿಂಕೆ, ಕರಡಿಗಳಿಗೆ ಗುರಿಯಿಡೋ ಆಟ ನಮ್ಮದು. ಕೊಂಬೆಯ ಕೆಳಗೆ ಬಗ್ಗಿದರೆ ಬೆನ್ನ ಮೇಲಿನ ಬಾಣಗಳೆಲ್ಲ ತಲೆ ಮೇಲಿಂದ ಜಾರಿ ಮುಂದೆ ಬೀಳುತ್ತಿದ್ದವು. ಬಿದ್ದರೂ ಪರವಾಗಿಲ್ಲ, ರಾಮನ ಗತ್ತು ಬಿಡೋಕಾಗತ್ತಾ?

ಕಳೆದ ಚಳಿಗಾಲ ಬಲಭುಜ ಹಿಡಿದುಕೊಂಡಿತು. ಫ್ರೋಝನ್ ಶೋಲ್ಡರ್ ಅಂದರು ಡಾಕ್ಟರು. ಅಂಗಿ ತೋಳಿಗೆ ಕೈ ತೂರಿಸೋಕೂ ಹೆಂಡತಿಯ ಸಹಾಯ ಬೇಕಾಯ್ತು. ಬಿಲ್ಲು ತಿಂಗಳುಗಟ್ಟಲೆ ಗೋಡೆಯ ಮೇಲೇ ಉಳಿಯಿತು. ಐವತ್ತು ದಾಟಿದ ಮೇಲೆ ಕೈಬಿಟ್ಟ ಹವ್ಯಾಸ ಮತ್ತೆ ಕೈಗೆ ಬರೋದು ಕಷ್ಟ ಅಂತ ಗೊತ್ತಿತ್ತು. ರಾತ್ರಿ ನೋವಿಗಿಂತ ಆ ಯೋಚನೆಯೇ ಜಾಸ್ತಿ ಕಾಡುತ್ತಿತ್ತು.

ವ್ಯಾಯಾಮ ಮಾಡಿ ಮಾಡಿ, 45 ಪೌಂಡಿನ ಬಿಲ್ಲು ಬಿಟ್ಟು 30 ಪೌಂಡಿನ ಲಾಂಗ್‌ಬೋ ತಂದೆ. ಹೆದೆ ಎಳೆಯೋಕಾಯ್ತು! ಖುಷಿಯಿಂದ ಬತ್ತಳಿಕೆಗೆ ಕೈ ಹಾಕಿದೆ ನೋಡಿ... ಭುಜದ ಹಿಂದಕ್ಕೆ ಕೈ ಹೋಗಲೇ ಇಲ್ಲ. ಬಾಣ ಬಿಡೋಕಾಗತ್ತೆ, ಬಾಣ ತೆಗೆಯೋಕಾಗಲ್ಲ! ನಗಬೇಕೋ ಅಳಬೇಕೋ ತಿಳೀಲಿಲ್ಲ.

ಸೊಂಟಕ್ಕೆ ಕಟ್ಟುವ ಬತ್ತಳಿಕೆ ಪ್ರಯತ್ನಿಸಿದೆ. ಪೊದೆ ಪೊದೆಗೂ ಸಿಕ್ಕಿಹಾಕಿಕೊಂಡಿತು. ಉಳಿದಿದ್ದು ಒಂದೇ ದಾರಿ, ಬಿಲ್ಲಿಗೇ ಕಟ್ಟುವ ಬತ್ತಳಿಕೆ. ಅದು ಸಂಪ್ರದಾಯಸ್ಥರದ್ದಲ್ಲ ಅಂತ ನನ್ನ ಮನಸ್ಸಿನಲ್ಲಿತ್ತು. ನಮ್ಮ ಜತೆ ಬರುವ ಹಿರಿಯರೊಬ್ಬರಿಗೆ ಹೇಳಿದರೆ ನಕ್ಕುಬಿಟ್ಟರು. "ಇದೇ ಮಿಶಿಗನ್ನಿನ ಗ್ರೇಲಿಂಗ್ ಊರಲ್ಲಿ ಬಿಲ್ಲಿನ ಕಾರ್ಖಾನೆ ನಡೆಸಿದ ಫ್ರೆಡ್ ಬೇರ್ ಫೋಟೋ ನೋಡಿದ್ದೀಯಾ?" ಅಂದರು. ಮನೆಗೆ ಬಂದು ನೋಡಿದೆ. ಹೌದಲ್ಲ! 1902ರಲ್ಲಿ ಹುಟ್ಟಿ 1988ರಲ್ಲಿ ತೀರಿಕೊಂಡ ಆ ಮಹಾಶಯರ ಬೇಟೆಯ ಚಿತ್ರಗಳಲ್ಲಿ ಬಾಣಗಳು ಬಿಲ್ಲಿನ ಪಕ್ಕದಲ್ಲೇ ಇವೆ. ಇತ್ತ 1938ರ ರಾಬಿನ್ ಹುಡ್ ಸಿನಿಮಾಕ್ಕೆ ಬಾಣ ಬಿಟ್ಟುಕೊಟ್ಟ ಹವರ್ಡ್ ಹಿಲ್ ಬೆನ್ನಿನ ಬತ್ತಳಿಕೆಯವರು. ಸಂಪ್ರದಾಯದಲ್ಲೂ ಎರಡು ಪಂಗಡ ಅಂತಾಯ್ತು.

ಇನ್ನು ಆರಿಸೋ ಕಥೆ. ಸ್ಕ್ರೂ ಹಾಕಿ ಕೂರಿಸುವಂಥದ್ದಕ್ಕೆ ಬಿಲ್ಲಿನ ಹಿಡಿಯ ಭಾಗದಲ್ಲಿ ಮೊದಲೇ ತೂತುಗಳಿರಬೇಕು. ನನ್ನದು ಒಂದೇ ತುಂಡಿನ ಮರದ ಬಿಲ್ಲು, ಅದಕ್ಕೆ ಡ್ರಿಲ್ ಹಿಡಿಯೋ ಧೈರ್ಯ ನನಗಿಲ್ಲ. ಬಿಲ್ಲಿನ ತುದಿಯಿಂದ ತೂರಿಸಿ ಕೂರಿಸುವಂಥದ್ದೂ ಇದೆ. ನಾನು ಆರಿಸಿದ್ದು ಪಟ್ಟಿಯಿಂದ ಬಿಗಿಯುವಂಥದ್ದು. ಬಾಣದ ಮೊನೆಗಳನ್ನು ಪೂರ್ತಿ ಮುಚ್ಚುವ ಗಟ್ಟಿ ಟೋಪಿ ಇದೆಯಾ ಅಂತ ಮೊದಲು ನೋಡಿದೆ. ಎಡವಿ ಬಿದ್ದರೆ ಚುಚ್ಚಬಾರದಲ್ಲ.

ತಪ್ಪುಗಳೂ ಆದವು. ಪಟ್ಟಿಯನ್ನು ಬಿಲ್ಲು ಬಾಗುವ ಜಾಗಕ್ಕೆ ಕಟ್ಟಿಬಿಟ್ಟಿದ್ದೆ, ಬಾಣ ಬಿಟ್ಟಾಗೆಲ್ಲ ಗುಂಯ್ ಅನ್ನೋ ಸದ್ದು. ಬಾಗದ ಗಟ್ಟಿ ಭಾಗಕ್ಕೆ ಸರಿಸಿದ ಮೇಲೆ ನಿಂತಿತು. ಬಾಣ ಹಿಡಿಯುವ ರಬ್ಬರು ನನ್ನ ದಪ್ಪ ಮರದ ಬಾಣಗಳಿಗೆ ಸರಿಯಾಗಿತ್ತು, ತೆಳುವಾದ ಕಾರ್ಬನ್ ಬಾಣಗಳು ಮಾತ್ರ ಅದರಲ್ಲಿ ಅಲ್ಲಾಡಿದವು. ಗರಿಗಳು ಒಂದಕ್ಕೊಂದು ತಾಗಿ ಸರಸರ ಅನ್ನದ ಹಾಗೆ ತಿರುಗಿಸಿ ಇಡಬೇಕು.

ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೂ ನೋಡಿದೆ. ಬಿಲ್ಲು 600 ಗ್ರಾಂ. ಖಾಲಿ ಬತ್ತಳಿಕೆ 220, ಐದು ಬಾಣ 160. ಅಂದರೆ ಬಿಲ್ಲಿನ ಅರ್ಧಕ್ಕಿಂತ ಜಾಸ್ತಿ ಭಾರ ಒಂದೇ ಪಕ್ಕಕ್ಕೆ! ಮೊದಲ ವಾರ ಬಾಣಗಳು ಎಲ್ಲೆಲ್ಲಿಗೋ ಹೋದವು. ಆಮೇಲೆ ಒಂದು ನಿಯಮ ಮಾಡಿಕೊಂಡೆ: ಅಭ್ಯಾಸಕ್ಕೂ ಬತ್ತಳಿಕೆ ಬಿಚ್ಚೋದಿಲ್ಲ, ಅದರಲ್ಲಿ ಒಂದೆರಡು ಬಾಣ ಯಾವಾಗಲೂ ಉಳಿದಿರಬೇಕು. ಈಗ ಆ ಭಾರವೇ ನನ್ನ ಕೈಯನ್ನು ಸ್ಥಿರವಾಗಿ ಇಡುತ್ತಿದೆ ಅನ್ನಿಸತ್ತೆ.

ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ.

"ಬಿಲ್ಲಿಗೇ ಕಟ್ಟೋದೇನೋ? ರಾಮನ ಪಟದಲ್ಲಿ ಹಂಗಿಲ್ವಲ್ಲೋ!"

"ರಾಮನಿಗೆ ಭುಜ ಹಿಡ್ಕೊಂಡಿರ್ಲಿಲ್ಲ ಕಣಮ್ಮಾ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೋವು ಕಡಿಮೆ ಆಯ್ತೇನೋ?" ಅಂದಳು.

ಮೊನ್ನೆ ಶನಿವಾರ ಎಂಟು ತಿಂಗಳ ಮೇಲೆ ಕಾಡಿನ ದಾರಿ ಪೂರ್ತಿ ನಡೆದೆ. ಎದೆಯ ಮುಂದೆಯೇ ಬಾಣ, ಕೈ ಎತ್ತೋ ಪ್ರಶ್ನೆಯೇ ಇಲ್ಲ. ಅಂಕಗಳ ವಿಷಯ ಕೇಳಬೇಡಿ :-)

ಆ ಚರ್ಮದ ಬತ್ತಳಿಕೆ ಈಗ ಬಾಗಿಲ ಪಕ್ಕದ ಮೊಳೆಯಲ್ಲಿದೆ. ಮಾರೋಕೆ ಮನಸ್ಸಾಗಲಿಲ್ಲ. ಅದರಲ್ಲಿ ಮನೆಮಂದಿಯ ಕೊಡೆಗಳಿವೆ.