ಆಟಿಕೆಯ ಹೆಲಿಕಾಪ್ಟರೂ ಅನರ್ಥದಂಡವೂ

ಹುಬ್ಬಳ್ಳಿಯ ವಯೋವೃದ್ಧ ಬಟ್ಟೆ ವ್ಯಾಪಾರಿಯೊಬ್ಬರು ಹತ್ತು ವರ್ಷದ ಮೊಮ್ಮಗನಿಗೆ ರಿಮೋಟಿನಿಂದ ಹಾರಿಸುವ ಪುಟ್ಟ ಹೆಲಿಕಾಪ್ಟರೊಂದನ್ನು ಕೊಡಿಸಲು ಒಪ್ಪಬೇಕಾದರೆ ಎರಡು ತಿಂಗಳುಗಳೇ ಹಿಡಿದವು. ಬೆಲೆ ಅವರಿಗೆ ಅಡ್ಡಿಯಾಗಿರಲಿಲ್ಲ. ಆ ಆಸೆಯನ್ನು ಹುಡುಗನ ಮನಸ್ಸಿನಲ್ಲಿ ಬಿತ್ತಿದವರೂ ಅವರೇ. 1981ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಗೊಮ್ಮಟಸ್ವಾಮಿಯ ಮೇಲೆ ಹೂಮಳೆ ಸುರಿಸಿದ ಸಂಗತಿಯನ್ನು ಅವರು ಎಷ್ಟೋ ಸಲ ಕಥೆಯಾಗಿ ಹೇಳಿದ್ದರು. ಅವರನ್ನು ತಡೆದದ್ದು ತಾವು ಸ್ವೀಕರಿಸಿದ ವ್ರತ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಕೊನೆಯದಾದ ಪ್ರಮಾದಚರ್ಯೆಯ ವಿವರಣೆಯಲ್ಲಿ ನೆಲ, ನೀರು, ಬೆಂಕಿಗಳ ಜೊತೆಗೆ ಗಾಳಿಯನ್ನು ನಿಷ್ಪ್ರಯೋಜನವಾಗಿ ಕಲಕುವುದೂ ಸೇರಿದೆ. ವಾಯುಕಾಯಿಕ ಜೀವಗಳನ್ನು ನಂಬುವ ಶ್ರಾವಕನಿಗೆ ಇದು ಸಣ್ಣ ಮಾತಲ್ಲ. ಹೆಲಿಕಾಪ್ಟರಾದರೋ ಗಾಳಿಯನ್ನು ಕಲಕದೆ ಅಂಗುಲದಷ್ಟೂ ಏಳಲಾರದು. ಬೀಸಣಿಗೆಯಿಂದ ಸೆಕೆಯಾದರೂ ಕಳೆಯುತ್ತದೆ. ಈ ಆಟಿಕೆಯಿಂದ ಏನು ಪ್ರಯೋಜನ? ಆದರೂ ಅವರು ಒಪ್ಪಿದ್ದಕ್ಕೆ ಕಾರಣ ಮನೆಯಲ್ಲೇ ಇತ್ತು. ಹುಡುಗ ದಿನಕ್ಕೆರಡು ತಾಸು ಮೊಬೈಲಿನಲ್ಲಿ ಗುಂಡು ಹಾರಿಸಿ ಜನರನ್ನು ಕೊಲ್ಲುವ ಆಟ ಆಡುತ್ತಿದ್ದನು. ಅಲ್ಲಿ ಜೀವಹಾನಿ ಇಲ್ಲವೆಂಬುದು ನಿಜ. ಆದರೆ ಕೊಲ್ಲುವ ಭಾವವನ್ನೇ ನಿತ್ಯವೂ ಪೋಷಿಸುವುದು ಅಪಧ್ಯಾನವಲ್ಲದೆ ಮತ್ತೇನು? ಎಚ್ಚರವನ್ನು ಬೇಡುವ ಆಟ ಅದಕ್ಕಿಂತ ಮೇಲೆಂದು ಅವರು ತೀರ್ಮಾನಿಸಿದರು. ಈ ತೀರ್ಮಾನ ಪೂರ್ಣವಾಗಿ ಸರಿಯೆಂದು ಹೇಳಲಾಗದು. ತಪ್ಪೆಂದು ಹೇಳುವುದೂ ಕಷ್ಟ.

ಅಂಗಡಿಯಲ್ಲಿ ಮೂರು ಬಗೆಯವು ಇದ್ದವು. ಒಂದೇ ದಂಡದ ಮೇಲೆ ಎರಡು ಜೊತೆ ರೆಕ್ಕೆಗಳು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವುದು ಮೊದಲನೆಯದು. ರೆಕ್ಕೆ ಒಂದು ಕಡೆಗೆ ತಿರುಗಿದರೆ ಒಡಲು ಇನ್ನೊಂದು ಕಡೆಗೆ ತಿರುಗಲೆಳಸುವುದು ಸಹಜ. ಇಲ್ಲಿ ಎರಡು ಸೆಳೆತಗಳೂ ಒಂದನ್ನೊಂದು ಕಳೆಯುವುದರಿಂದ ಯಂತ್ರ ತಾನಾಗಿಯೇ ಬಹುಮಟ್ಟಿಗೆ ಸ್ಥಿರವಾಗಿ ನಿಲ್ಲುತ್ತದೆ. ಎರಡನೆಯದಕ್ಕೆ ಮೇಲೆ ಒಂದೇ ಜೊತೆ ರೆಕ್ಕೆ, ಬಾಲದಲ್ಲಿ ಇನ್ನೊಂದು ಚಿಕ್ಕ ರೆಕ್ಕೆ. ಇದು ಚುರುಕು, ಆದರೆ ಹೊಸಬರ ಕೈಗೆ ಸಿಕ್ಕದು. ಮೂರನೆಯದರಲ್ಲಿ ರೆಕ್ಕೆಗಳ ಓರೆಯನ್ನೇ ಹಾರುತ್ತಿರುವಾಗ ಬದಲಿಸಬಹುದು, ತಲೆಕೆಳಗಾಗಿಯೂ ಹಾರುತ್ತದೆ, ಅದರ ಏಟು ಬೆರಳಿಗೆ ಬಿದ್ದರೆ ಗಾಯವೇ. ಅಂಗಡಿಯವನು ಎರಡನೆಯದನ್ನು ಹೊಗಳಿದನು, ಹುಡುಗನ ಕಣ್ಣು ಮೂರನೆಯದರ ಮೇಲಿತ್ತು. ಅಜ್ಜ ಮಾತ್ರ ಬಿಡಿಭಾಗಗಳು ಯಾವುದಕ್ಕೆ ಸುಲಭವಾಗಿ ಸಿಗುತ್ತವೆಂದು ವಿಚಾರಿಸಿ ಮೊದಲನೆಯ ಬಗೆಯದನ್ನೇ ಕೊಂಡರು. ಅದು ಸೈಮಾ ಕಂಪನಿಯ ಎಸ್ 107. ಉದ್ದ ಸುಮಾರು 22 ಸೆಂಟಿಮೀಟರ್, ತೂಕ 40 ಗ್ರಾಂ ಆಸುಪಾಸು. ರೆಕ್ಕೆ ಮುರಿದರೆ ರೆಕ್ಕೆಯನ್ನಷ್ಟೇ ಬದಲಿಸಿದರೆ ಸಾಕು. ಪರಿಗ್ರಹ ಪರಿಮಾಣ ಮಾಡಿಕೊಂಡವನು ವಸ್ತುವನ್ನು ಕೊಳ್ಳುವಾಗ ಅದರ ರಿಪೇರಿಯನ್ನೂ ಯೋಚಿಸಬೇಕು ಎಂಬುದು ಅವರ ವಾದ. ಮನೆಗೆ ಬಂದೊಡನೆ ಹುಡುಗ, ಇದರಿಂದ ಬಸದಿಯಲ್ಲಿ ಸ್ವಾಮಿಗೆ ಹೂವು ಸುರಿಸಬಹುದೇ ಎಂದು ಕೇಳಿದನು. ಮಲ್ಲಿಗೆಯ ನಾಲ್ಕು ಮೊಗ್ಗು ಕಟ್ಟಿದರೂ ಅದು ತತ್ತರಿಸುತ್ತದೆಂದು ಅಜ್ಜ ತಿಳಿಸಿದರು.

ಹಾರಿಸಲು ಕಲಿತದ್ದು ಇಬ್ಬರೂ. ಪಡಸಾಲೆಯ ಫ್ಯಾನು ನಿಲ್ಲಿಸಿ, ನಡುವೆ ಹೆಲಿಕಾಪ್ಟರನ್ನು ಬಾಲ ತಮ್ಮ ಕಡೆಗಿರುವಂತೆ ಇಡುತ್ತಿದ್ದರು. ಎಡಗೈಯ ಹಿಡಿ ಏರಿಳಿತಕ್ಕೆ, ಬಲಗೈಯದು ಮುಂದೆ ಹಿಂದೆ ಹೋಗುವುದಕ್ಕೆ ಮತ್ತು ತಿರುಗುವುದಕ್ಕೆ. ಮೊದಲ ವಾರ ಬಲಗೈಯನ್ನು ಮುಟ್ಟಲೇಬಾರದೆಂದು ನಿಯಮ ಮಾಡಿಕೊಂಡರು. ಹೆದರಿಕೆಯಿಂದ ನೆಲಕ್ಕೆ ನಾಲ್ಕು ಬೆರಳು ಎತ್ತರದಲ್ಲೇ ನಿಲ್ಲಿಸಲು ಹೋದರೆ ರೆಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಮರಳಿ ಅದನ್ನೇ ಅಲುಗಾಡಿಸುತ್ತದೆ. ಆದ್ದರಿಂದ ಒಂದೇ ಸಮನೆ ಸೊಂಟದೆತ್ತರಕ್ಕೆ ಏರಿಸುವುದು ಕ್ಷೇಮ. ಗೋಡೆಯ ಸಮೀಪಕ್ಕೆ ಹೋದರೂ ಹೀಗೆಯೇ, ಗೋಡೆ ಅದನ್ನು ಎಳೆದುಕೊಂಡಂತೆ ಕಾಣುತ್ತದೆ. ತಾನಾಗಿ ಒಂದು ಕಡೆಗೆ ಸುತ್ತುತ್ತಿದ್ದರೆ ಟ್ರಿಮ್ ಎಂಬ ಚಿಕ್ಕ ಗುಂಡಿಯನ್ನು ವಿರುದ್ಧ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ಸರಿಪಡಿಸಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಅದರ ಮುಖ ಹಾರಿಸುವವರ ಕಡೆಗೆ ತಿರುಗಿದಾಗ. ಆಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ.

ಬೀಳುವ ಹೊತ್ತಿಗೆ ಶಕ್ತಿಯನ್ನು ಪೂರ್ತಿ ಕಡಿಮೆ ಮಾಡಬೇಕು. ಹುಡುಗನಿಗೆ ಇದು ಮೂರು ದಿನಗಳಲ್ಲಿ ಸಿದ್ಧಿಸಿತು. ಅಜ್ಜನ ಹೆಬ್ಬೆರಳು ಮಾತ್ರ ಪ್ರತಿ ಸಲವೂ ಮೇಲಕ್ಕೇ ಒತ್ತುತ್ತಿತ್ತು. ನಷ್ಟದ ವ್ಯಾಪಾರಕ್ಕೆ ಮತ್ತಷ್ಟು ಬಂಡವಾಳ ಸುರಿಯುವವರನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಒಂದು ಸಲ ಚಾರ್ಜು ಮಾಡಿದರೆ ಹಾರಾಟ ಏಳೆಂಟು ನಿಮಿಷ, ಚಾರ್ಜಿಗೆ ಮುಕ್ಕಾಲು ತಾಸು. ಲಿಥಿಯಂ ಪಾಲಿಮರ್ ಬ್ಯಾಟರಿ ಬಿಸಿಯಿರುವಾಗ ಚಾರ್ಜಿಗೆ ಹಾಕಬಾರದು, ಹಾಕಿ ಮನೆ ಬಿಟ್ಟು ಹೋಗಬಾರದು. ಅಜ್ಜ ಹಳೆಯ ಕಿರ್ದಿ ಪುಸ್ತಕವೊಂದರಲ್ಲಿ ಕಲಮುಗಳನ್ನು ಎಳೆದು ತಾರೀಖು, ಹಾರಿದ ನಿಮಿಷ, ಬಿದ್ದ ಸಂಖ್ಯೆ, ಷರಾ ಎಂದು ಬರೆದುಕೊಟ್ಟರು. ಹುಡುಗ ನಿತ್ಯವೂ ತುಂಬುತ್ತಿದ್ದನು.

ಆಷಾಢದ ಅಷ್ಟಾಹ್ನಿಕ ಪರ್ವದ ದಿನಗಳವು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿದಿತ್ತು, ಮಳೆ ಆಗಷ್ಟೇ ನಿಂತಿತ್ತು. ಈ ಹೆಲಿಕಾಪ್ಟರು ಟಿ.ವಿ. ರಿಮೋಟಿನಂತೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣದಿಂದ ನಡೆಯುವುದರಿಂದ ಬಿಸಿಲು ಬಿದ್ದಲ್ಲಿ ಮಾತು ಕೇಳದು. ಹಾಗಾಗಿ ಸಂಜೆಯ ನಂತರ ಚೆನ್ನಾಗಿ ಹಾರುತ್ತದೆ. ಅಂದು ನಿಯಂತ್ರಕ ಅಜ್ಜನ ಕೈಯಲ್ಲಿತ್ತು. ಮುಖ ತಮ್ಮತ್ತ ಮಾಡಿಕೊಂಡು ಸುತ್ತು ಹಾಕಿಸುವ ವಿದ್ಯೆ ಅವರಿಗೆ ಆ ಸಂಜೆಯೇ ಮೊದಲ ಬಾರಿ ಕೈಹತ್ತಿತ್ತು. ಕಿಟಕಿ ತೆರೆದಿತ್ತು, ಟ್ಯೂಬ್‌ಲೈಟು ಉರಿಯುತ್ತಿತ್ತು.

“ಅಜ್ಜಾ, ಹುಳ ಬರಾಕತ್ತಾವ,” ಎಂದನು ಹುಡುಗ.

“ಇನ್ನೆರಡು ನಿಮಿಷ ತಡಿಯೋ,” ಎಂದರು ಅಜ್ಜ.

ಟಪ್ ಎಂಬ ಸದ್ದು ಕೇಳಿಸಿತು. ಹೆಲಿಕಾಪ್ಟರು ಬೀಳಲಿಲ್ಲ, ಒಮ್ಮೆ ನಡುಗಿ ಹಾರುತ್ತಲೇ ಇತ್ತು. ನೆಲದ ಮೇಲೆ ಮಳೆಗಾಲದ ದೀಪದ ಹುಳುವೊಂದು, ಅದರಿಂದ ಗೇಣು ದೂರದಲ್ಲಿ ಅದರದೇ ರೆಕ್ಕೆಯೊಂದು ಬಿದ್ದಿತ್ತು. ಅಜ್ಜ ಯಂತ್ರವನ್ನು ಇಳಿಸಿದರು. ಹುಡುಗ ಅಳಲಿಲ್ಲ. ಅವನು ಕಿರ್ದಿ ತೆರೆದು ಕುಳಿತಿದ್ದನು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ಹಿಂಸೆಯ ನಾಲ್ಕು ಬಗೆಗಳನ್ನು ಅದೇ ತಿಂಗಳು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು.

“ಅಜ್ಜಾ, ಇದನ್ನ ಯಾವ ಖಾತೆಗೆ ಬರೀಬೇಕು?”

ಐವತ್ತು ವರ್ಷ ಲೆಕ್ಕ ಬರೆದವರಿಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಕೊಲ್ಲಬೇಕೆಂದು ಕೊಂದದ್ದಲ್ಲವಾದ್ದರಿಂದ ಸಂಕಲ್ಪೀ ಅಲ್ಲ. ಅಡುಗೆ, ಕಸಗುಡಿಸುವಿಕೆಗಳಂಥ ಮನೆಗೆಲಸದಲ್ಲಿ ಆದದ್ದಲ್ಲ, ಆರಂಭಿಯೂ ಅಲ್ಲ. ಹೊಟ್ಟೆಪಾಡಿನ ಉದ್ಯೋಗವಲ್ಲ. ಆತ್ಮರಕ್ಷಣೆಯಂತೂ ಅಲ್ಲವೇ ಅಲ್ಲ. ಗೃಹಸ್ಥನಿಗೆ ಅನಿವಾರ್ಯವೆಂದು ಶಾಸ್ತ್ರ ಸಹಿಸಿಕೊಂಡ ಯಾವ ಖಾತೆಯಲ್ಲೂ ಆ ಹುಳುವಿಗೆ ಸ್ಥಳವಿರಲಿಲ್ಲ. ಆ ರಾತ್ರಿ ಪ್ರತಿಕ್ರಮಣದಲ್ಲಿ ಅವರು ಎಂದಿಗಿಂತ ಹೆಚ್ಚು ಹೊತ್ತು ಕುಳಿತಿದ್ದರೆಂದು ಮನೆಯವರು ಹೇಳುತ್ತಾರೆ.

ವಿಷಯ ತಿಳಿದ ನೆರೆಯವರೊಬ್ಬರು, ರಾತ್ರಿ ಸ್ಕೂಟರಿನಲ್ಲಿ ಬಂದರೆ ಇಂಥ ನೂರು ಹುಳುಗಳು ದೀಪಕ್ಕೆ ಬಡಿದು ಸಾಯುತ್ತವಲ್ಲ ಎಂದು ನಕ್ಕರು. ಮಾತು ನಿಜ. ಆದರೆ ಸ್ಕೂಟರಿನವನಿಗೆ ಮನೆ ಸೇರಬೇಕಾದ ಪ್ರಯೋಜನವಿತ್ತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪ್ರಮಾದದಿಂದಾದ ಪ್ರಾಣಹಾನಿಯನ್ನು ಹಿಂಸೆಯೆಂದು ನಿರೂಪಿಸುತ್ತದೆ. ಇಲ್ಲಿ ಹುಡುಗ ಎಚ್ಚರಿಸಿದ ಮೇಲೂ ಆ ಎರಡು ನಿಮಿಷಗಳನ್ನು ಕೇಳಿದವರು ವ್ರತಧಾರಿಗಳೇ. ಮರುದಿನ ಬೆಳಿಗ್ಗೆ ಅಜ್ಜ ಮೊಮ್ಮಗನನ್ನು ಕರೆದು, “ಪ್ರಮಾದಚರ್ಯೆ ಅಂತ ಬರಿ. ನನ್ನ ಹೆಸರಿಗೆ ಬರಿ, ನಿನ್ನ ಹೆಸರಿಗಲ್ಲ,” ಎಂದರು.

ಹೆಲಿಕಾಪ್ಟರನ್ನು ಕಸಕ್ಕೆ ಎಸೆಯಲಿಲ್ಲ. ಹಾರಾಟದ ವೇಳೆಯನ್ನು ಬೆಳಗಿನ ಪೂಜೆಯ ನಂತರಕ್ಕೆ ಬದಲಿಸಿದರು. ಪೂರ್ವದ ಕಿಟಕಿಗೆ ಪರದೆ ಎಳೆದರೆ ಬಿಸಿಲು ನೇರವಾಗಿ ಬೀಳದು, ಯಂತ್ರವೂ ಮಾತು ಕೇಳುತ್ತದೆ, ದೀಪ ಹಚ್ಚುವ ಅಗತ್ಯವೂ ಇಲ್ಲ. ದಿನಕ್ಕೆ ಒಂದೇ ಬ್ಯಾಟರಿ. ಚಾತುರ್ಮಾಸ ಮುಗಿಯುವವರೆಗೆ ಅಜ್ಜ ನಿಯಂತ್ರಕವನ್ನು ಮುಟ್ಟಲಿಲ್ಲ, ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಹಾರಿಸುವ ಮುನ್ನ ಇಳಿಸುವ ಜಾಗವನ್ನು ಮೃದುವಾದ ಬಟ್ಟೆಯಿಂದ ಒರೆಸುವುದನ್ನು ಹುಡುಗ ತಾನೇ ಆರಂಭಿಸಿದನು. ಎತ್ತುವಾಗ ಇಡುವಾಗ ನೋಡಿ ನಡೆಯಬೇಕೆಂಬ ಆದಾನನಿಕ್ಷೇಪಣ ಸಮಿತಿಯ ಹೆಸರು ಅವನಿಗಿನ್ನೂ ತಿಳಿದಿರಲಿಲ್ಲ.

ಭಾದ್ರಪದದ ಒಂದು ಪುಟದಲ್ಲಿ ಹಾರಿದ ನಿಮಿಷ ಸೊನ್ನೆ, ಬಿದ್ದ ಸಂಖ್ಯೆ ಸೊನ್ನೆ ಎಂದಿದೆ. ಷರಾ ಕಲಮಿನಲ್ಲಿ ಹುಡುಗನ ದಪ್ಪಕ್ಷರಗಳಲ್ಲಿ, “ಪಡಸಾಲ್ಯಾಗ ಇರುವಿ ಸಾಲು.”