ಮಳೆ ನಿಲ್ಲುವ ಗೆರೆ

ಡೇರೆಯ ಜಿಪ್ ಎಳೆದದ್ದೇ ತಡ, ಮೇಲಿಂದ ತೊಟ್ಟಿಕ್ಕಿದ ನೀರು ಕತ್ತಿನೊಳಕ್ಕೆ ಇಳಿಯುತ್ತದೆ. ಬೆಳಗಿನ 5 ಗಂಟೆ. ಜುಲೈ ಮೊದಲ ವಾರ. ರಾತ್ರಿಯಿಡೀ ಜಿನುಗಿದ ಮಳೆಗೆ ಇನ್ನೂ ದಣಿವಾಗಿಲ್ಲ. ಬಾಲು ಕಾ ಘೇರಾ ಅಂತ ಈ ಜಾಗಕ್ಕೆ ಹೆಸರು, ಸುಮಾರು 3,600 ಮೀಟರ್ ಎತ್ತರ. ಬಾಲು ಎಂದರೆ ಮರಳು. ತೊರೆ ಹೊತ್ತು ತಂದ ಮರಳೆಲ್ಲ ಕಣಿವೆಯ ತಳದಲ್ಲಿ ಹರಡಿಕೊಂಡಿದೆ. ಕಾಲಿಟ್ಟಲ್ಲೆಲ್ಲ ಬೂಟು ಪಿಚಕ್ ಎನ್ನುತ್ತದೆ.

ಅಡುಗೆ ಡೇರೆಯಲ್ಲಿ ಚಹಾ ಕೊತಕೊತ ಕುದಿಯುತ್ತಿದೆ. ಲೋಟ ಬಾಯಿಗಿಟ್ಟರೆ ನಾಲಗೆ ಸುಡುವುದೇ ಇಲ್ಲ. ಈ ಎತ್ತರದಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಕುಕ್ಕರ್ ಇಲ್ಲದಿದ್ದರೆ ರಾತ್ರಿಯ ಬೇಳೆ ಬೆಳಗಾದರೂ ಬೇಯುತ್ತಿರಲಿಲ್ಲ.

ಮನಾಲಿ ಬಿಟ್ಟು ಮೂರನೆಯ ದಿನ. ಜೋಬ್ರಾವರೆಗೆ ಜೀಪು, ಅಲ್ಲಿಂದ ಚೀಕಾ, ಚೀಕಾದಿಂದ ಇಲ್ಲಿಗೆ. ಭೂರ್ಜ ಮರಗಳು ನಿನ್ನೆಯೇ ಕೈಬಿಟ್ಟವು. ಇವತ್ತು ಹಾಮ್ಟಾ ಪಾಸ್, 4,270 ಮೀಟರ್.

ಹೊರಟ ಅರ್ಧ ಗಂಟೆಯಲ್ಲೇ ಮಾತು ನಿಲ್ಲುತ್ತದೆ. ಹಿಮನದಿ ಎಂದೋ ಸುರಿದು ಹೋದ ಬಂಡೆಗಳ ರಾಶಿ, ಅದರ ಮೇಲೆ ಹಾದಿ. ಮೂವತ್ತು ಹೆಜ್ಜೆ, ನಿಲ್ಲು. ಇಪ್ಪತ್ತು ಹೆಜ್ಜೆ, ನಿಲ್ಲು. 'ಧೀರೇ ಧೀರೇ' ಎನ್ನುವ ಮಾರ್ಗದರ್ಶಿ ತಾನು ಮಾತ್ರ ಮೇಕೆಯ ಹಾಗೆ ಹತ್ತುತ್ತಾನೆ. ಎದೆ ಡವಗುಟ್ಟುವುದಕ್ಕೆ ಕಾರಣ ಗೊತ್ತು: ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ರಷ್ಟೇ. ಗೊತ್ತಿದ್ದು ಶ್ವಾಸಕೋಶಕ್ಕೇನು ಲಾಭ? ಇದೇ ತುದಿ ಎಂದುಕೊಂಡು ಏರಿದ ದಿಬ್ಬದಾಚೆ ಇನ್ನೊಂದು ದಿಬ್ಬ, ಅದರಾಚೆ ಮತ್ತೊಂದು.

ಮಂಜಿನೊಳಗಿಂದ ಮೊದಲು ಬಂದದ್ದು ವಾಸನೆ, ಒದ್ದೆ ಉಣ್ಣೆಯದು. ಆಮೇಲೆ ನೂರಾರು ಕುರಿಗಳು, ಕತ್ತುಪಟ್ಟಿ ಕಟ್ಟಿದ ಎರಡು ಭಾರಿ ನಾಯಿಗಳು, ಕೊನೆಗೆ ಗದ್ದಿ ಕುರುಬ. ಸೊಂಟಕ್ಕೆ ಸುತ್ತು ಸುತ್ತು ಬಿಗಿದ ಉಣ್ಣೆಯ ಹಗ್ಗ, ಅದಕ್ಕೆ ಡೋರಾ ಎನ್ನುತ್ತಾರೆ. ನಮ್ಮ ಕುರಿಗಾಹಿಗಳ ಕಂಬಳಿಯಂತೆ ಇದೂ ಮೈಯ ಒಂದು ಭಾಗವೇ. ಎಲ್ಲಿಗೆ ಎಂದರೆ ಗಲ್ಲ ಎತ್ತಿ ಮೇಲೆ ತೋರಿಸಿದ. ಲಾಹುಲ್‌ಗೆ. ಈ ಕಡೆ ಮಳೆ ಹಿಡಿದರೆ ಕುರಿಯ ಗೊರಸು ಕೊಳೆಯುತ್ತದಂತೆ. ಆ ಕಡೆ ನೆಲ ಒಣ, ಹುಲ್ಲು ಗಟ್ಟಿ. ಹಿಂಡು ನಮ್ಮನ್ನು ಹಿಂದೆ ಹಾಕಿ ಮೋಡದೊಳಗೆ ಕರಗಿತು. ಗೊರಸು ಕಲ್ಲಿಗೆ ತಾಗುವ ಸದ್ದು ಮಾತ್ರ ಬಹಳ ಹೊತ್ತು ಉಳಿಯಿತು.

ಕೊನೆಯ ಏರಿನಲ್ಲಿ ಹಳೆಯ ಹಿಮ, ಮಣ್ಣು ಮೆತ್ತಿ ಕೊಳೆಯಾದದ್ದು. ಮುಂದಿನವರ ಹೆಜ್ಜೆಗುಳಿಯಲ್ಲೇ ಹೆಜ್ಜೆ ಇಡುತ್ತ, ಕೋಲು ಊರುತ್ತ, ಬೂಟಿನ ಮೂತಿಯನ್ನಷ್ಟೇ ನೋಡುತ್ತ ಹತ್ತುತ್ತೇನೆ. ಹಾಗಾಗಿ ಪಾಸ್ ಬಂದದ್ದು ತಿಳಿದದ್ದೇ ಗಾಳಿ ಕೆನ್ನೆಗೆ ಹೊಡೆದಾಗ. ತಲೆ ಎತ್ತಿದೆ.

ಎದುರಿಗೆ ಮಳೆಯಿಲ್ಲ.

ಬೆನ್ನ ಹಿಂದೆ ಕುಲು ಕಣಿವೆ ಮೋಡದಲ್ಲಿ ಮುಳುಗಿ ತೊಯ್ಯುತ್ತಿದೆ. ಮುಂದೆ ಲಾಹುಲ್ ಕಡೆಯ ಬೆಟ್ಟಗಳು ಬೋಳು ಬೋಳು, ಕಂದು, ಬೂದಿ, ತುಕ್ಕು ಬಣ್ಣ. ಮೇಲೆ ಕಣ್ಣು ಕುಕ್ಕುವ ನೀಲಿ. ಮಾನ್ಸೂನ್ ಮೋಡಗಳು ಪೀರ್ ಪಂಜಾಲ್ ಸಾಲನ್ನು ಏರುವಾಗ ಹೊತ್ತ ನೀರನ್ನೆಲ್ಲ ಈಚೆಗೇ ಇಳಿಸಿಬಿಡುತ್ತವೆ. ದಾಟಿದ ಚೂರುಪಾರು ಕಣ್ಣೆದುರೇ ಹತ್ತಿಯಂತೆ ಹಿಂಜಿ ಮಾಯವಾಗುತ್ತಿವೆ. ಶಾಲೆಯಲ್ಲಿ ಮಳೆನೆರಳಿನ ಪ್ರದೇಶ ಎಂದು ಉರು ಹೊಡೆದದ್ದು ಇದನ್ನೇ. ನಮ್ಮಲ್ಲಿ ಆಗುಂಬೆಯ ಕೆಸರು ಬಿಟ್ಟು ಚಳ್ಳಕೆರೆಯ ಧೂಳು ಕಾಣಬೇಕಾದರೆ 200 ಕಿಲೋಮೀಟರ್‌ಗೂ ಹೆಚ್ಚು ಬಸ್ಸಿನಲ್ಲಿ ಕುಲುಕಬೇಕು. ಇಲ್ಲಿ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ. ದಕ್ಷಿಣಕ್ಕೆ ಮೋಡ ಸರಿದು 6,221 ಮೀಟರ್‌ನ ಇಂದ್ರಾಸನ ಎರಡು ನಿಮಿಷ ಮುಖ ತೋರಿಸಿತು. ಕ್ಯಾಮೆರಾ ತೆಗೆಯುವಷ್ಟರಲ್ಲಿ ಬಾಗಿಲು ಹಾಕಿಕೊಂಡಿತು.

ಇಳಿಜಾರು ಏರಿಗಿಂತ ಕಷ್ಟ. ಮಂಡಿ ಗೊಣಗುತ್ತದೆ, ಸಡಿಲ ಕಲ್ಲು ಕಾಲಡಿ ಜಾರುತ್ತದೆ, ಎರಡು ಸಲ ಕುಂಡೆಯ ಮೇಲೇ ಇಳಿದೆ. ಮಧ್ಯಾಹ್ನದ ಹೊತ್ತಿಗೆ ಶಿಯಾ ಗೋರು. ಪಕ್ಕದ ತೊರೆ ಈಗ ಮೈದುಂಬಿ ಅಬ್ಬರಿಸುತ್ತಿದೆ. ಬಿಸಿಲೇರಿದಷ್ಟೂ ಹಿಮ ಕರಗಿ ನೀರೇರುತ್ತದೆ. ನಾಳೆ ನಸುಕಿನಲ್ಲೇ ದಾಟಿ ಚಂದ್ರಾ ನದಿಯ ದಂಡೆಯ ಛತ್ರೂಗೆ ಇಳಿಯಬೇಕು.

ಬೂಟು ಕಳಚಿ ಕಾಲುಚೀಲಗಳನ್ನು ಬಂಡೆಯ ಮೇಲೆ ಹರವಿದೆ. ಮೂರು ದಿನ ಹಿಂಡಿ ಹಿಂಡಿ ಹಾಕಿದರೂ ಆರದವು. ಚಹಾ ಬರುವಷ್ಟರಲ್ಲಿ ಹಪ್ಪಳದಂತೆ ಗರಿಗರಿಯಾಗಿದ್ದವು.