ಕಾಲಿನ ಊತವನ್ನು ಕಡೆಗಣಿಸಬೇಡಿ

ಸೋದರಿಯರೇ, ನಿಮ್ಮ ಮನೆಯ ಹಿರಿಯರ ಪಾದಗಳನ್ನು ಎಂದಾದರೂ ಗಮನಿಸಿದ್ದೀರಾ? ಬಿಟಿಎಂ ಲೇಔಟಿನ ನಮ್ಮ ಮನೆಯಲ್ಲಿ ಅತ್ತೆಯವರ ಚಪ್ಪಲಿ ಬಿಗಿಯಾದಾಗ, 'ವಯಸ್ಸಾಯಿತಲ್ಲ' ಎಂದು ನಾನು ಸುಮ್ಮನಿದ್ದೆ. ಸುಜೂದ್‌ಗೆ ಬಾಗಿದರೆ ಏದುಸಿರು ಬರುತ್ತದೆಂದು ಅವರು ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡತೊಡಗಿದರು. ರಾತ್ರಿ ತಲೆಯಡಿಯ ಒಂದು ದಿಂಬು ಮೂರಾಯಿತು. ಊಟ ಕಡಿಮೆಯಾದರೂ ತೂಕ ಏರುತ್ತಿತ್ತು. ಆಗಲೂ ನನಗೆ ಹೊಳೆಯಲಿಲ್ಲ.

ಕೊನೆಗೆ ಜಯನಗರ 9ನೇ ಬ್ಲಾಕಿನ ಜಯದೇವ ಆಸ್ಪತ್ರೆಗೆ ಕರೆದೊಯ್ದೆವು. 'ಹೃದಯ ವೈಫಲ್ಯ' ಎಂಬ ಮಾತು ಕೇಳಿ ನನ್ನ ಜಂಘಾಬಲವೇ ಉಡುಗಿತು. ಹೃದಯ ನಿಂತಿಲ್ಲ, ರಕ್ತ ತಳ್ಳುವ ಅದರ ಶಕ್ತಿ ಕುಂದಿದೆ ಎಂದು ವೈದ್ಯರು ಸಮಾಧಾನದಿಂದ ವಿವರಿಸಿದರು. ಹಲವು ವರ್ಷಗಳ ರಕ್ತದೊತ್ತಡ ಅವರ ಹೃದಯವನ್ನು ದಣಿಸಿತ್ತು. ಸಾಕಷ್ಟು ರಕ್ತ ತಲುಪದಿದ್ದಾಗ ಮೂತ್ರಪಿಂಡಗಳು, ದೇಹದಲ್ಲಿ ನೀರೇ ಕಡಿಮೆಯಾಗಿದೆಯೆಂದು ಬಗೆದು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ. ಆ ನೀರು ಹಗಲಲ್ಲಿ ಕಾಲಿಗಿಳಿಯುತ್ತದೆ. ಮಲಗಿದಾಗ ಶ್ವಾಸಕೋಶದಲ್ಲಿ ಒತ್ತಡ ಹೆಚ್ಚಿಸಿ ಉಸಿರು ಕಟ್ಟಿಸುತ್ತದೆ.

ಈಗ ಉಪ್ಪಿನಕಾಯಿ, ಹಪ್ಪಳ ನಮ್ಮ ಊಟದಿಂದ ದೂರವಾಗಿವೆ. ನೀರು ಇಳಿಸುವ ಮಾತ್ರೆ ತಪ್ಪಿಸುವುದಿಲ್ಲ. ದಿನವೂ ಬೆಳಿಗ್ಗೆ ತಿಂಡಿಗೆ ಮೊದಲು ತೂಕ ನೋಡಿ ಬರೆದಿಡುತ್ತೇನೆ. 3 ದಿನಗಳಲ್ಲಿ 2 ಕಿಲೋ ಏರಿದರೆ ಅದು ಮೈಯ ಕೊಬ್ಬಲ್ಲ, ನೀರು. ಕೂಡಲೇ ವೈದ್ಯರಿಗೆ ತಿಳಿಸಬೇಕು.

ಕಾಲೂತಕ್ಕೆಲ್ಲ ಹೃದಯವೇ ಕಾರಣವಲ್ಲ, ನಿಜ. ಆದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ನನ್ನಂತಹ ಸೊಸೆಯಲ್ಲ. ಇಂದೇ ಒಮ್ಮೆ ನಿಮ್ಮ ಹಿರಿಯರ ಕಾಲನ್ನು ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದು ಹಾಗೆಯೇ ಉಳಿದರೆ ತಡಮಾಡಬೇಡಿ.